ನಿಂದ್ರೂ ಮಲ್ಕಪ್ಪ

ಸುರಪುರದಿಂದ ಹೊರಟು ಶಹಾಪುರದ ಮೇಲೆ ಹಾಯ್ದು ಯಾದಗಿರಿಗೆ ಹೋಗುವ ಮುಂಜಾನೆಯ ಬಸ್ಸಿನ ಡ್ರೈವರ್ ಮಲ್ಕಪ್ಪ. ದಿನವೂ ಓಡಾಡುವ ಮಂದಿ ಅವನಿಗೆ ಇಟ್ಟ ಹೆಸರು ‘ನಿಂದ್ರೂ ಮಲ್ಕಪ್ಪ’, ಅಂದರೆ ನಿಂತುಬಿಡುವ ಮಲ್ಕಪ್ಪ. ಆ ಹೆಸರಿನಲ್ಲಿ ಅರ್ಧ ಚೇಷ್ಟೆ, ಅರ್ಧ ಸಿಟ್ಟು ಇತ್ತು. ಬಸ್ಸು ಯಾದಗಿರಿಯ ದೊಡ್ಡ ಸರ್ಕಲ್ಲಿಗೆ ಬಂತೆಂದರೆ ಅವನು ಗಾಡಿಯನ್ನು ಈಚೆಯೇ ನಿಲ್ಲಿಸಿಬಿಡುವನು. ಸರ್ಕಲ್ಲಿನ ಆಚೆ ತನ್ನ ಬಸ್ಸು ಪೂರ್ತಿ ಹಿಡಿಯುವಷ್ಟು ಜಾಗ ಕಾಣುವ ತನಕ ಗಾಲಿ ಮುಂದೆ ಉರುಳಿಸುತ್ತಿರಲಿಲ್ಲ.

ಉಳಿದವರು ಹಾಗಲ್ಲ. ಅಲ್ಲಿ ಸಿಗ್ನಲ್ಲಿನ ದೀಪವಿತ್ತು, ಕೆಲವೊಮ್ಮೆ ಪೊಲೀಸಿನವನೂ ಇರುತ್ತಿದ್ದ. ಆದರೆ ಟಂಟಂ ಆಟೋದವರು, ಕ್ರೂಸರ್ ಜೀಪಿನವರು, ಹತ್ತಿ ಹೇರಿದ ಲಾರಿಯವರು, ಮೂರು ಮೂರು ಮಂದಿ ಕೂತ ಬೈಕಿನವರು, ಎಲ್ಲರದೂ ಒಂದೇ ಲೆಕ್ಕ. ಗಾಡಿಯ ಮೂತಿ ತೂರಿಸಿದರೆ ಸಾಕು, ಉಳಿದವರು ತಾವಾಗಿಯೇ ದಾರಿ ಬಿಡುತ್ತಾರೆ. ನಾಲ್ಕೂ ದಿಕ್ಕಿನವರು ಹಾಗೆಯೇ ತೂರಿಸಿ ಸರ್ಕಲ್ಲಿನ ನಡುವೆ ಒಬ್ಬರಿಗೊಬ್ಬರು ಅಡ್ಡ ನಿಂತು, ಹಾರ್ನ್ ಒತ್ತುತ್ತಾ ಕೂರುತ್ತಿದ್ದರು.

"ಮಲ್ಕಪ್ಪಣ್ಣ, ರಸ್ತಾ ಖಾಲಿ ಅದಲ್ಲಪಾ, ಹೊಡಿ ಮುಂದ!" ಎಂದು ಹಿಂದಿನ ಸೀಟಿನಿಂದ ಯಾರಾದರೂ ಕೂಗುವರು.

"ಖಾಲಿ ಇಲ್ರಿ. ಅದು ಬಾಜೂ ರಸ್ತೇದವ್ರು ಹಾಯೂ ಜಾಗಾ," ಎನ್ನುವನು ಮಲ್ಕಪ್ಪ, ಕನ್ನಡಿಯಲ್ಲಿ ಅವರ ಮುಖ ನೋಡುತ್ತಾ.

"ನೀ ಬಿಟ್ಟ ಜಾಗಾದಾಗ ಟಂಟಂ ಹೋಗಿ ಕುಂತ್ವು ನೋಡು!"

ಅದೂ ಸುಳ್ಳಲ್ಲ. ಅವನು ಬಿಟ್ಟ ಜಾಗವನ್ನು ಬೇರೆಯವರು ತುಂಬುತ್ತಿದ್ದರು. ಹೀಗಾಗಿ ಅವನು ನಿಂತದ್ದರಿಂದ ಸರ್ಕಲ್ಲಿಗೆ ಏನಾದರೂ ಉಪಕಾರವಾಯಿತೇ ಎಂಬುದು ಅವನಿಗೂ ಗೊತ್ತಿರಲಿಲ್ಲ. ಕಂಡಕ್ಟರ್ ಖಾಜಾಹುಸೇನ ಮಾತ್ರ ಚೀಲವನ್ನು ಬಗಲಿಗೆ ಸರಿಸಿಕೊಂಡು ನಗುತ್ತಿದ್ದ. "ಇಳಿಯೋರು ಇಳೀರಿ, ಬೈಯೋರು ಕುಂತು ಬೈರಿ. ಇಂವ ಡಿಪೋದಾಗ ಸಾಹೇಬ್ರ ಮಾತೂ ಕೇಳಂಗಿಲ್ಲ, ಮನ್ಯಾಗ ಹೆಂಡ್ತಿ ಮಾತೂ ಕೇಳಂಗಿಲ್ಲ."

ಮಲ್ಕಪ್ಪ ದೋರನಹಳ್ಳಿಯ ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವನು. ಅಪ್ಪ ಬಸವಂತ್ರಾಯನ ಬೆನ್ನ ಹಿಂದೆ ಕುರಿ ಹೊಡೆಯುತ್ತಲೇ ಬೆಳೆದ. ಒಂದು ಸಂಜೆ ಕೆನಾಲಿನ ಮೇಲಿನ ಕಿರಿದಾದ ಸೇತುವೆ ದಾಟುವಾಗ ಎದುರಿಗೆ ಯಾರದೋ ಎತ್ತಿನ ಬಂಡಿ ಬಂದು ಮುಂದಿನ ಕುರಿಗಳು ನಿಂತುಬಿಟ್ಟವು. ಹಿಂದೆ ನಾಯಿಯೊಂದು ಬೊಗಳಿತು. ಬೆದರಿದ ಹಿಂದಿನ ಕುರಿಗಳು ನೂಕಿದವು. ಮುಂದಿನವಕ್ಕೂ ಏನಾಗಲಿಲ್ಲ, ಹಿಂದಿನವಕ್ಕೂ ಏನಾಗಲಿಲ್ಲ. ನಡುವಿನವು ಒಂದರ ಮೇಲೊಂದು ಬಿದ್ದು ಕೆಲವು ನೀರಿಗೆ ಹೋದವು, ಎಳೆಯ ಮರಿಗಳು ಉಸಿರುಗಟ್ಟಿ ಸತ್ತವು. ಬಸವಂತ್ರಾಯ ಯಾರನ್ನೂ ಬೈಯಲಿಲ್ಲ. ಸತ್ತ ಮರಿಯ ಬಾಯಿಯ ನೊರೆಯನ್ನು ಕಂಬಳಿಯ ತುದಿಯಿಂದ ಒರೆಸಿ, ಅದನ್ನು ಪಕ್ಕಕ್ಕೆ ಮಲಗಿಸಿದ. ಆಮೇಲೆ ಯಾವ ಸೇತುವೆ ಬಂದರೂ ತಾನು ಮೊದಲು ದಾಟಿ ಆಚೆ ಬಯಲಾಗಿದೆಯೇ ನೋಡಿಕೊಂಡು ಬಂದೇ ಕುರಿ ಬಿಡುತ್ತಿದ್ದ. ಆ ರೂಢಿ ಮಗನ ಕೈಕಾಲಿಗೂ ಹತ್ತಿತು. ಲಾರಿಯ ಕ್ಲೀನರ್ ಆಗಿ, ಡ್ರೈವರ್ ಆಗಿ, ಕೊನೆಗೆ ಸರಕಾರಿ ಬಸ್ಸಿನ ಚಕ್ರ ಹಿಡಿದು ಶಹಾಪುರದಲ್ಲಿ ಮನೆ ಮಾಡಿದ ಮೇಲೂ ಅದು ಬಿಡಲಿಲ್ಲ.

ಅದು ಹತ್ತಿಯ ಸುಗ್ಗಿ. ಮಿಲ್ಲುಗಳಿಗೆ ಹೋಗುವ ಲಾರಿ, ಟ್ರ್ಯಾಕ್ಟರುಗಳಿಂದ ಯಾದಗಿರಿಯ ರಸ್ತೆಗಳು ಬಿಗಿದುಹೋಗಿದ್ದವು. ಒಂದು ದಿನ ಸುರಪುರದಲ್ಲಿ ಸರಿತಾ ಬಸ್ಸು ಹತ್ತಿದಳು. ದೋರನಹಳ್ಳಿಯ ಸಾಯಬಮ್ಮನ ಮಗಳು, ಸುರಪುರಕ್ಕೆ ಕೊಟ್ಟ ಹುಡುಗಿ. ಸಾಯಬಮ್ಮ ಮಲ್ಕಪ್ಪನ ಓಣಿಯವಳೇ. ಕುರಿ ಹೊಡೆದುಕೊಂಡು ಬಂದ ಹುಡುಗನನ್ನು ಕರೆದು ಎಷ್ಟೋ ಸಲ ಮಜ್ಜಿಗೆ ಕೊಟ್ಟವಳು.

"ಯಾಕವ್ವ ಸರಿತಾ, ಹಿಂಗ್ಯಾಕ ಗಾಬರ್ಯಾಗಿದಿ?" ಎಂದ ಮಲ್ಕಪ್ಪ.

"ಅವ್ವನ್ನ ಯಾದಗಿರಿ ದವಾಖಾನ್ಯಾಗ ಹಾಕ್ಯಾರ ಕಾಕಾ. ರಾತ್ರಿಯಿಂದ ಮಾತಾಡವಲ್ಲಳಂತ. ಅಣ್ಣ ಫೋನ್ ಮಾಡಿದ್ದ, ಜಲ್ದಿ ಬಾ ಅಂದ."

ಅವಳು ಡ್ರೈವರಿನ ಹಿಂದಿನ ಸೀಟಿನಲ್ಲೇ ಕೂತಳು. ದಾರಿಯುದ್ದಕ್ಕೂ ಅವಳ ಫೋನು ಬಡಿದುಕೊಳ್ಳುತ್ತಿತ್ತು. ಮಲ್ಕಪ್ಪ ಅಂದು ಶಹಾಪುರದ ಸ್ಟ್ಯಾಂಡಿನಲ್ಲಿ ಚಹಾಕ್ಕೂ ಇಳಿಯಲಿಲ್ಲ. ಭೀಮಾ ಹೊಳೆ ದಾಟಿ ದಿನದ ಹೊತ್ತಿಗಿಂತ ಮೊದಲೇ ಬಸ್ಸು ಯಾದಗಿರಿ ಹೊಕ್ಕಿತು. ಆದರೆ ಸರ್ಕಲ್ ಎಂದಿನಂತೆ ಕಟ್ಟಿಕೊಂಡಿತ್ತು. ಅವನು ನಿಲ್ಲಿಸಿದ.

"ಕಾಕಾ, ಜರಾ ತೂರಸ್ರಿ. ಆ ಕಡಿ ಬಿದ್ದ್ರ ದವಾಖಾನಿ ಅಲ್ಲೇ ಅದ," ಎಂದಳು ಸರಿತಾ.

"ಒಳಗ ಹೋದ್ರ ಹೊರಗ ಬರಾಕಾಗಂಗಿಲ್ಲವ್ವ. ಇನ್ನೊಂದು ಈಟು ತಡಿ, ಬಿಡ್ತದ."

ಅಷ್ಟರಲ್ಲಿ ಹಿಂದಿದ್ದ ಕ್ರೂಸರ್ ಜೀಪೊಂದು ಬಲಗಡೆಯಿಂದ ಬಂದು, ಬಸ್ಸಿನ ಮುಂದೆ ಹಾದು, ಎರಡು ಟಂಟಂಗಳ ನಡುವೆ ಮೂತಿ ಇಟ್ಟಿತು. ಅದರ ಡ್ರೈವರ್ ಕೈ ಹೊರಗೆ ಹಾಕಿ ಎಲ್ಲರನ್ನೂ ಬೈಯುತ್ತಾ ಹೇಗೋ ಆಚೆ ಪಾರಾದ. ಸರಿತಾ ಅದನ್ನು ನೋಡಿದಳು. ಬಾಗಿಲು ತೆಗೆಸಿಕೊಂಡು ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಾಡಿಗಳ ಸಂದಿಯಲ್ಲಿ ಓಡಿದಳು. ಲಾರಿಯ ಹಿಂದೆ ಅವಳು ಮರೆಯಾಗುವ ತನಕ ಮಲ್ಕಪ್ಪ ನೋಡುತ್ತಲೇ ಇದ್ದ.

ಅವಳು ಮುಟ್ಟುವಷ್ಟರಲ್ಲಿ ಸಾಯಬಮ್ಮ ತೀರಿಕೊಂಡಿದ್ದಳು. ಮೈ ಇನ್ನೂ ಬೆಚ್ಚಗಿತ್ತಂತೆ.

ಮೂರನೆಯ ದಿನ ಮಲ್ಕಪ್ಪ ರಜೆ ಹಾಕಿ ದೋರನಹಳ್ಳಿಗೆ ಹೋದ. ಅಂಗಳದಲ್ಲಿ ಹಾಸಿದ್ದ ಜಮಖಾನೆಯ ಮೇಲೆ ಊರ ಹಿರಿಯರು ಕೂತಿದ್ದರು. ಅವನೂ ಹೋಗಿ ಒಂದು ಮೂಲೆಯಲ್ಲಿ ಕೂತ. ಒಳಗಿನಿಂದ ಸರಿತಾ ಬಂದು ಹೊಸ್ತಿಲ ಮೇಲೆ ನಿಂತಳು. ಕಣ್ಣು ಬತ್ತಿದ್ದವು.

"ಕಾಕಾ, ನಿಮ್ಮ ಹಿಂದಿದ್ದ ಜೀಪು ಮುಂದ ಹೋಯ್ತು. ನೀವು ನಿಂತ್ರಿ," ಎಂದಳು.

ಹಿರಿಯರು ಮಲ್ಕಪ್ಪನ ಕಡೆ ತಿರುಗಿದರು.

"ನಮ್ಮವ್ವ ಕಡೀಕ ನನ್ನ ಹೆಸರು ತಗೊಂಡಳಂತ. ನಾ ಆಗ ನಿಮ್ಮ ಬಸ್ಸಿನ್ಯಾಗ ಕುಂತಿದ್ದೆ."

ಹಿರಿಯನೊಬ್ಬ, "ಬಿಡವ್ವ, ಅಂವಾ ಏನು ಮಾಡ್ಯಾನ," ಎಂದು ಸಮಾಧಾನಕ್ಕೆ ಬಂದ. ಮಲ್ಕಪ್ಪನಿಗೆ ಹೇಳಲು ಬೇಕಾದಷ್ಟಿತ್ತು. ಎಲ್ಲರೂ ನುಗ್ಗುವುದರಿಂದಲೇ ದಾರಿ ಕಟ್ಟುತ್ತದೆ, ತಾನೂ ನುಗ್ಗಿದ್ದರೆ ಇನ್ನೂ ತಡವಾಗುತ್ತಿತ್ತು ಎಂದು ಹೇಳಬಹುದಿತ್ತು. ತಾಯಿ ಸತ್ತ ಮನೆಯಲ್ಲಿ ಆ ಮಾತು ಹೇಗೆ ಆಡುವುದು? ಅವನು ಎದ್ದು, ಕೈ ಮುಗಿದು, ಹೊರಗೆ ಬಂದ.

ಮನೆಗೆ ಬಂದವನು ತಾಟಿನ ಮುಂದೆ ಕೂತು ರೊಟ್ಟಿ ಮುರಿಯದೆ ಇದ್ದಾಗ ಹೆಂಡತಿ ಮಾಳಮ್ಮ ಕೇಳಿ ತಿಳಿದುಕೊಂಡಳು. ಒಲೆಯ ಉರಿ ತಗ್ಗಿಸಿ ಅವನ ಕಡೆ ತಿರುಗಿದಳು.

"ನೀ ನಿಂತದ್ದು ತಪ್ಪಲ್ಲ. ಹಂಗಂತ ಆಕೀಗಿ ತಿಳಿಸಿ ಹೇಳಾಕ ಮಾತ್ರ ಹೋಗಬ್ಯಾಡ. ಆಕಿ ಸಿಟ್ಟು ಎಲ್ಯರ ಒಂದು ಕಡಿ ಹೋಗಿ ಕುಂದರಬೇಕಲ್ಲ, ನಿನ್ನ ಮ್ಯಾಲ ಕುಂತದ. ಕುಂದರ್ಲಿ ಬಿಡು."

ಮಲ್ಕಪ್ಪ ತಲೆ ಆಡಿಸಿದ. ಆದರೆ ಅಂದಿನಿಂದ ಸರ್ಕಲ್ಲಿನ ಮುಂದೆ ನಿಂತಾಗಲೆಲ್ಲ ಅವನು ಕನ್ನಡಿ ನೋಡುವುದನ್ನು ಬಿಟ್ಟ. ಹಿಂದೆ ಯಾರ ಮುಖದಲ್ಲಿ ಯಾವ ಅವಸರ ಕೂತಿದೆಯೋ ಎಂಬ ಅಂಜಿಕೆ. ಒಮ್ಮೊಮ್ಮೆ ಕಾಲು ತಾನಾಗಿಯೇ ಆಕ್ಸಿಲರೇಟರಿನ ಮೇಲೆ ಹೋಗುತ್ತಿತ್ತು, ತಾನೇ ಎತ್ತಿಕೊಳ್ಳುತ್ತಿದ್ದ.

ಹತ್ತಿಯ ಲಾರಿಗಳು ಇನ್ನೂ ಕಡಿಮೆಯಾಗಿರಲಿಲ್ಲ. ಬೋನಾಳದ ಭಾಗಣ್ಣನೆಂಬ ಹಿರಿಯ ತನ್ನ ಹೆಂಡತಿ ಸುಗಲಮ್ಮನ ಜೊತೆ ಸುರಪುರದಲ್ಲಿ ಬಸ್ಸು ಹತ್ತಿದ. ಕೃಷ್ಣೆಯ ದಂಡೆಯಲ್ಲಿ ಬಲೆ ಬೀಸಿ ಬದುಕಿದವನು. ಮೈ ಸೋತ ಮೇಲೆ ಊರಲ್ಲೇ ಸಣ್ಣದೊಂದು ಅಂಗಡಿ ಇಟ್ಟುಕೊಂಡಿದ್ದ. ಎದೆಯಲ್ಲಿ ಏನೋ ಹಿಡಿದಂತಾಗುತ್ತದೆ, ಯಾದಗಿರಿಯ ಡಾಕ್ಟರಿಗೆ ತೋರಿಸಿ ಬರುತ್ತೇವೆ ಎಂದು ಖಾಜಾಹುಸೇನನ ಮುಂದೆ ಹೇಳಿ ಟಿಕೇಟು ತೆಗೆಸಿದ. ಕಿಟಕಿಯ ಬದಿಗೆ ಹೆಂಡತಿಯನ್ನು ಕೂರಿಸಿ, ದಾರಿಯಲ್ಲಿ ಶೇಂಗಾ ಕೊಂಡು ಅವಳ ಉಡಿಗೆ ಹಾಕಿದ. ದೋರನಹಳ್ಳಿ ದಾಟುವ ತನಕ ಎಲ್ಲ ಸರಿಯಾಗಿಯೇ ಇತ್ತು.

ಭೀಮಾ ಸೇತುವೆಯ ಹತ್ತಿರ ಸುಗಲಮ್ಮ ಚೀರಿದಳು. ಭಾಗಣ್ಣ ಮುಂದಿನ ಸೀಟಿನ ಕಂಬಿಗೆ ಹಣೆ ಹಚ್ಚಿ ಬೆವರುತ್ತಿದ್ದ. ಅಂಗಿ ಪೂರ್ತಿ ತೊಯ್ದಿತ್ತು. ಖಾಜಾಹುಸೇನ ಅವನನ್ನು ಸೀಟಿನ ಮೇಲೆ ಉದ್ದಕ್ಕೆ ಮಲಗಿಸಿ, ಗುಂಡಿ ಬಿಚ್ಚಿ, "ಮಲ್ಕಣ್ಣ, ನಡುವ ಎಲ್ಲೀನೂ ನಿಲ್ಲಿಸಬ್ಯಾಡ. ಸೀದಾ ಹೊಡಿ," ಎಂದ.

ಮಲ್ಕಪ್ಪ ಸೀದಾ ಹೊಡೆದ. ಇಳಿಯಬೇಕಾದವರೂ ಯಾರೂ ನಿಲ್ಲಿಸು ಎನ್ನಲಿಲ್ಲ. ಬಸ್ಸು ಸರ್ಕಲ್ಲಿಗೆ ಬಂತು. ಹತ್ತಿ ಲಾರಿಯೊಂದು ಎಡಗಡೆಯಿಂದ ಅರ್ಧ ಒಳಗೆ ಬಂದಿತ್ತು. ಬಲಗಡೆಯಿಂದ ಟಂಟಂಗಳ ಸಾಲು. ಎದುರಿಗೆ ಒಂದು ಸಂದಿ ಇತ್ತು, ಬಸ್ಸಿಗೆ ಸಾಲದ ಸಂದಿ. ಮಲ್ಕಪ್ಪನ ಕಾಲು ರೂಢಿಯಂತೆ ಬ್ರೇಕಿನ ಮೇಲೆ ಹೋಯಿತು.

"ಯಾಕ ನಿಲ್ಲಿಸಿದ್ಯೋ ತಮ್ಮಾ? ನುಗ್ಗಸೋ!" ಎಂದು ಸುಗಲಮ್ಮ ಎದ್ದು ನಿಂತಳು. "ನಿನ್ನ ಕಾಲಿಗಿ ಬೀಳ್ತೀನಿ, ನುಗ್ಗಸು!"

ಅವನ ಕಿವಿಯಲ್ಲಿ ಸರಿತಾಳ ಮಾತು ಸುಳಿಯಿತು. ‘ನೀವು ನಿಂತ್ರಿ.’ ಅವನು ಹಾರ್ನಿನ ಮೇಲೆ ಅಂಗೈ ಒತ್ತಿ, ಬಸ್ಸನ್ನು ಒಳಗೆ ಬಿಟ್ಟ.

ಬೈಕಿನವರು ಬೆದರಿ ಸರಿದರು. ಒಂದು ಟಂಟಂ ಹಿಂದೆ ಸರಿಯಿತು. ಬಸ್ಸಿನ ಮೂತಿ ಸರ್ಕಲ್ಲಿನ ನಟ್ಟನಡುವೆ ಹೋಯಿತು, ಅಲ್ಲಿಗೆ ನಿಂತಿತು. ಮುಂದೆ ಬಿಳಿಯ ಕಾರೊಂದು ಅಡ್ಡ ಬಂದಿತ್ತು, ಅದರ ಮುಂದೆ ಟ್ರ್ಯಾಕ್ಟರು. ಹತ್ತಿ ಲಾರಿ ಬಸ್ಸಿನ ಪಕ್ಕೆಗೆ ಹತ್ತಿ ನಿಂತಿತು. ಹಿಂದೆ ಸರಿಯೋಣವೆಂದರೆ ಅವನು ಬಿಟ್ಟುಬಂದ ಜಾಗ ಅಷ್ಟರಲ್ಲೇ ತುಂಬಿಹೋಗಿತ್ತು. ಇಷ್ಟು ವರ್ಷ ಸರ್ಕಲ್ಲನ್ನು ಹೊರಗಿನಿಂದ ನೋಡಿದ್ದವನು ಮೊದಲ ಸಲ ಅದರ ಒಳಗೆ ಕೂತಿದ್ದ.

ಅವನು ಕೆಳಗೆ ಜಿಗಿದು ಕಾರಿನವನ ಕಿಟಕಿ ಬಡಿದ. "ಸಾಹೇಬ್ರ, ಜರಾ ಹಿಂದಕ್ಕ ತಗೋರಿ. ಒಳಗ ಒಬ್ಬರಿಗಿ ಎದಿ ಹಿಡದದ, ಜೀವದ ಮಾತು!"

ಕಾರಿನವನು ಗಾಜು ಇಳಿಸಿದ. "ನಾ ಎಲ್ಲಿ ಹೋಗಲಿ? ಹಿಂದ ನೋಡು. ನೀ ಯಾಕ ಬಂದಿ ನಡುವ? ನಿನ್ನ ಬಸ್ಸ ಎಲ್ಲಾರಿಗೂ ಅಡ್ಡ ಆಗ್ಯಾದ!"

ಮಲ್ಕಪ್ಪ ತಿರುಗಿ ನೋಡಿದ. ಹೌದು. ನಾಲ್ಕು ದಿಕ್ಕಿನ ದಾರಿಯನ್ನು ಉದ್ದಕ್ಕೆ ಕಟ್ಟಿ ನಿಂತಿದ್ದದ್ದು ಅವನ ಬಸ್ಸೇ.

ಅಷ್ಟರಲ್ಲಿ ರಸ್ತೆಯ ಬದಿಯ ಹಿಟ್ಟಿನ ಗಿರಣಿಯಿಂದ ಶರೀಫಸಾಬನೆಂಬ ಗಿರಣಿಯವನು ಮೈತುಂಬ ಹಿಟ್ಟು ಮೆತ್ತಿಕೊಂಡೇ ಓಡಿಬಂದ. "ಎತ್ತಿಕೊಂಡು ಬರ್ರೋ! ನಮ್ಮ ಗಿರಣಿ ಬಾಜೂ ಗಲ್ಲಿ ಅದ. ದವಾಖಾನಿ ಹಿಂದಿನ ಬಾಗಲಕ್ಕ ಹೋಗ್ತದ!"

ಮಲ್ಕಪ್ಪ ತನ್ನ ಸೀಟಿನ ಹಿಂದಿದ್ದ ಕಂಬಳಿ ಎಳೆದು ತಂದ. ಭಾಗಣ್ಣನನ್ನು ಅದರಲ್ಲಿ ಮಲಗಿಸಿ, ಮಲ್ಕಪ್ಪ, ಖಾಜಾಹುಸೇನ, ಬಸ್ಸಿನ ಇಬ್ಬರು ಗಂಡಸರು ನಾಲ್ಕು ಮೂಲೆ ಹಿಡಿದರು. ಗಾಡಿಗಳ ನಡುವೆ ಕಂಬಳಿ ಹಾಯುವಷ್ಟೂ ಸಂದಿ ಇರಲಿಲ್ಲ. ಬೈಕುಗಳನ್ನು ಎತ್ತಿ ಸರಿಸಿದರು. ಒಂದು ಕಡೆ ಟಂಟಂನ ಮಂದಿಯೆಲ್ಲ ಇಳಿದು ಅದನ್ನೇ ಎತ್ತಿ ಓರೆ ಮಾಡಿದರು. ಇನ್ನೊಂದು ಕಡೆ ಕಂಬಳಿಯನ್ನು ತಲೆಯ ಮೇಲಕ್ಕೆತ್ತಿ ಹಿಂದೆ ಬಂದು ನಿಂತಿದ್ದ ಟ್ರ್ಯಾಕ್ಟರೊಂದರ ಕೊಂಡಿ ದಾಟಿಸಬೇಕಾಯಿತು. ಹಿಂದಿನ ಗಾಡಿಗಳವರಿಗೆ ಏನೂ ಕಾಣದೆ, ಅವರು ಹಾರ್ನ್ ಒತ್ತುತ್ತಲೇ ಇದ್ದರು. ಸುಗಲಮ್ಮ ಗಂಡನ ಕಾಲು ಹಿಡಿದುಕೊಂಡು ಜೊತೆಗೇ ನಡೆದಳು.

ಗಲ್ಲಿಯ ಬಾಯಿ ಬಂದಾಗ ಮಲ್ಕಪ್ಪನಿಗೆ ಗುರುತು ಸಿಕ್ಕಿತು. ಅದು ಅವನು ದಿನಾ ಬಸ್ಸು ನಿಲ್ಲಿಸುತ್ತಿದ್ದ ಜಾಗ. ಬಸ್ಸಿನ ಬಾಗಿಲು ಬರೋಬರಿ ಅದಕ್ಕೇ ತೆರೆಯುತ್ತಿತ್ತು. ಇಷ್ಟು ದಿನ ಅದು ಯಾರದೋ ಹಿತ್ತಲಿಗೆ ಹೋಗುವ ದಾರಿಯೆಂದು ಬಗೆದು ಅತ್ತ ತಲೆ ಹಾಕಿಯೂ ನೋಡಿರಲಿಲ್ಲ.

ಭಾಗಣ್ಣ ಆ ಮಧ್ಯಾಹ್ನ ತೀರಿಕೊಂಡ. ಹೊರಗೆ ಬಂದ ಡಾಕ್ಟರನ್ನು ಮಲ್ಕಪ್ಪ ತಡೆದು ಕೇಳಿದ, "ಇನ್ನಷ್ಟು ಮೊದಲ ತಂದಿದ್ರ ಉಳೀತಿದ್ರೇನ್ರಿ?"

"ಹೇಳಾಕ ಬರಂಗಿಲ್ಲಪಾ," ಎಂದ ಡಾಕ್ಟರು. "ಉಳೀತಿದ್ರೂ ಉಳೀತಿದ್ರು. ಇಲ್ಲ ಅಂದ್ರ ಇಲ್ಲ."

ಸರ್ಕಲ್ಲು ಬಿಚ್ಚಿಕೊಳ್ಳಲು ಬಹಳ ಹೊತ್ತು ಹಿಡಿದಿತ್ತು. ಬಸ್ಸನ್ನು ಸ್ಟ್ಯಾಂಡಿಗೆ ಯಾರು ತಂದರು, ಹೇಗೆ ತಂದರು ಎಂಬುದನ್ನು ಮಲ್ಕಪ್ಪ ಕೇಳಲೂ ಇಲ್ಲ. ಡಿಪೋದಲ್ಲಿ ಯಾರೂ ಅವನಿಗೆ ಒಂದು ಮಾತು ಅನ್ನಲಿಲ್ಲ. ಬದಲಿಗೆ ಬಸ್ಸಿನಲ್ಲಿದ್ದ ಮಂದಿ ಊರೂರಲ್ಲಿ ಅವನನ್ನು ಹೊಗಳಿದರು. ನಿಂದ್ರೂ ಮಲ್ಕಪ್ಪ ಒಬ್ಬ ಮುದುಕನ ಸಲುವಾಗಿ ನುಗ್ಗಿದ, ಹೆಗಲ ಮೇಲೆ ಹೊತ್ತ ಎಂದು. ಆ ಹೊಗಳಿಕೆ ಕೇಳಿದಾಗಲೆಲ್ಲ ಅವನು ಎದ್ದು ಆಚೆ ಹೋಗುತ್ತಿದ್ದ.

ಕೊನೆಗೆ ಒಂದು ರವಿವಾರ ಬೋನಾಳಕ್ಕೆ ಹೋದ. ಮಾಳಮ್ಮನೂ ಜೊತೆಗೆ ಹೊರಟಳು. ಸುಗಲಮ್ಮ ಅಂಗಡಿಯ ಬಾಗಿಲು ಅರ್ಧ ತೆರೆದು ಒಳಗೆ ಕೂತಿದ್ದಳು. ಇವರನ್ನು ಕಂಡು ಎದ್ದು ಚಾಪೆ ಹಾಸಿದಳು, ಚಹಾ ಮಾಡಿದಳು. ಪಕ್ಕದ ಮನೆಯವರು ಬಂದಾಗ, "ಈ ತಮ್ಮನ ನೋಡ್ರಿ, ನಮ್ಮವರ ಸಲುವಾಗಿ ಅವತ್ತು ಎಲ್ಲಾರ ಜೋಡಿ ಬಡದಾಡಿದಾಂವ," ಎಂದು ಪರಿಚಯ ಹೇಳಿದಳು. ಮಲ್ಕಪ್ಪ ಚಹಾದ ಲೋಟ ಕೆಳಗಿಟ್ಟ. ಬಂದವರು ಹೋಗುವ ತನಕ ತಲೆ ಎತ್ತಲಿಲ್ಲ.

"ಯವ್ವಾ, ನಿನ್ನ ಮುಂದ ಒಂದು ಮಾತು ಹೇಳಬೇಕಂತ ಬಂದೀನಿ. ಅವತ್ತು ದಾರಿ ಕಟ್ಟಿದ್ದು ನನ್ನ ಬಸ್ಸು. ನಾ ದಿನಾ ನಿಲ್ಲೂ ಕಡೇನ ನಿಂತಿದ್ರ ಆ ಗಲ್ಲಿ ನಮ್ಮ ಬಾಗಲದಾಗ ಇತ್ತು."

ಸುಗಲಮ್ಮ ಚಹಾದ ಲೋಟಗಳನ್ನು ಬದಿಗೆ ಸರಿಸಿದಳು. ಹೊರಗೆ ಕೆರೆಯ ಕಡೆಯಿಂದ ಹಕ್ಕಿಗಳ ಗದ್ದಲ ಕೇಳಿಬರುತ್ತಿತ್ತು.

"ಗೊತ್ತದ," ಎಂದಳು. "ನಾ ಕಿಟಕಿ ಹಂತೇಕ ನಿಂತಿದ್ದೆನಲ್ಲ. ಕಾರಿನಾಂವ ಅಂದದ್ದೂ ಕೇಳೀನಿ. ಗಲ್ಲಿ ತನಕ ಹೊತ್ತು ತಂದದ್ದೂ ನೋಡೀನಿ. ನನಗೇನು ತಿಳಿಯಂಗಿಲ್ಲೇನು?"

ಮಲ್ಕಪ್ಪ ಅವಳ ಮುಖ ನೋಡಿದ.

"ನೀ ಬ್ರೇಕ್ ಒತ್ತಿದ್ದಿ. ನುಗ್ಗಸು ಅಂದಾಕಿ ನಾನು. ರಾತ್ರಿ ಮಕ್ಕೊಂಡ್ರ ನನಗೂ ಅದ ಮಾತು ಕೇಳಸ್ತದ. ಹೆಂಗ ಸುಮ್ನಿರಬೇಕಿತ್ತು ಹೇಳು, ಕಣ್ಣೆದುರಿಗಿ ಅವರು ಹಂಗ ಒದ್ದಾಡೂ ಮುಂದ?" ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ನೀ ಬಡದಾಡಿದ್ದೂ ಖರೇನ ಅದ. ಅದನ್ನ ನಾ ಮಂದಿ ಮುಂದ ಹೇಳ್ತೀನಿ. ಉಳದದ್ದು ನಿನ್ನ ಹಂತೇಕ ಅರ್ಧ ಇರ್ಲಿ, ನನ್ನ ಹಂತೇಕ ಅರ್ಧ ಇರ್ಲಿ. ಪೂರಾ ನೀ ಒಬ್ಬನ ಹೊತಗೊಂಡು ಹೋಗಬ್ಯಾಡ."

ಮಾಳಮ್ಮ ಸರಿದು ಹೋಗಿ ಅವಳ ಪಕ್ಕದಲ್ಲಿ ಕೂತಳು. ಇಬ್ಬರು ಹೆಂಗಸರು ಅತ್ತರು. ಮಲ್ಕಪ್ಪ ಅಂಗಡಿಯ ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಅತ್ತ.

ಸರಿತಾ ಇಂದಿಗೂ ಅವನ ಬಸ್ಸು ಹತ್ತುವುದಿಲ್ಲ. ಸುರಪುರದ ಸ್ಟ್ಯಾಂಡಿನಲ್ಲಿ ಒಮ್ಮೊಮ್ಮೆ ಕಾಣಿಸುತ್ತಾಳೆ. ಅವನು ಬಾಗಿಲು ತೆರೆದು ಒಂದು ಗಳಿಗೆ ಹೆಚ್ಚೇ ಕಾಯುತ್ತಾನೆ. ಅವಳು ಮುಖ ಆ ಕಡೆ ಮಾಡಿ ಹಿಂದೆ ಬರುವ ಬಸ್ಸಿಗೆ ಕಾಯುತ್ತಾಳೆ. ಅವನು ಮಾತಾಡಿಸುವುದಿಲ್ಲ.

ಸರ್ಕಲ್ಲಿನ ಮುಂದೆ ಅವನು ಮತ್ತೆ ನಿಲ್ಲತೊಡಗಿದ. ಹಿಂದಿನಂತೆಯೇ ಮಂದಿ ಕೂಗುತ್ತಾರೆ, ಹಿಂದಿನಂತೆಯೇ ಟಂಟಂಗಳು ಬಂದು ಜಾಗ ತುಂಬುತ್ತವೆ. ಮೊದಲು ಅವರಿಗೆ ಉತ್ತರ ಕೊಡುತ್ತಿದ್ದವನು ಈಗ ಕೊಡುವುದಿಲ್ಲ. ಭೀಮಾ ಸೇತುವೆ ದಾಟಿದ ಕೂಡಲೇ ಖಾಜಾಹುಸೇನ ಎದ್ದು ನಿಂತು, "ದವಾಖಾನಿಗಿ ಹೋಗೋರು ಯಾರದೀರಿ? ಈಗಲೇ ಹೇಳ್ರಿ, ಮುಂದ ಬರ್ರಿ," ಎಂದು ಕೂಗುತ್ತಾನೆ. ಅಂಥವರನ್ನು ಬಾಗಿಲ ಹತ್ತಿರ ಕೂರಿಸಿ, ಗಿರಣಿಯ ಪಕ್ಕದಲ್ಲಿ ಇಳಿಸಿ, ಗಲ್ಲಿ ತೋರಿಸುತ್ತಾನೆ.

ಮೊನ್ನೆ ಒಬ್ಬ ಅಜ್ಜಿ ದವಾಖಾನೆಗೆ ಬುತ್ತಿಯ ಡಬ್ಬಿ ಹಿಡಿದು ಇಳಿದಳು. ಮೊಣಕಾಲು ನೋವಿನವಳು, ಒಂದೊಂದು ಮೆಟ್ಟಿಲಿಗೂ ಕೂತಂತೆ ಮಾಡಿ ಇಳಿದಳು. ಆ ಹೊತ್ತಿಗೆ ಸರ್ಕಲ್ಲಿನ ಆಚೆ ಜಾಗ ಬಿಟ್ಟಿತು. ಹಿಂದಿನ ಕಾರಿನವನು ಹಾರ್ನ್ ಒತ್ತಿದ, ಆಮೇಲೆ ಲಾರಿಯವನೂ ಒತ್ತಿದ, ಬಸ್ಸಿನೊಳಗಿನ ಮಂದಿಯೂ ಗುಲ್ಲೆಬ್ಬಿಸಿದರು. ಅಜ್ಜಿ ಗಲ್ಲಿಯ ಬಾಯಲ್ಲಿ ಗೋಡೆ ಹಿಡಿದು ನಿಂತು, ಉಸಿರು ಬಿಟ್ಟು, ಮತ್ತೆ ನಡೆದಳು. ಮಲ್ಕಪ್ಪ ಗೇರಿನ ಮೇಲೆ ಕೈ ಇಟ್ಟುಕೊಂಡು, ಅವಳು ತಿರುವಿನಲ್ಲಿ ಮರೆಯಾಗುವ ತನಕ ಕಾದ.